ಭಾಷಾ ಸಂದೇಹ: ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಕೇ?

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದಲೂ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಕ್ರಿಯಾಪದಗಳ ಬೆನ್ನಿಗೆ ಬರುವ ‘ಟು’, ‘ಫಾರ್’, ‘ಆನ್’, ‘ಅಪ್’ ಮುಂತಾದ ಚಿಕ್ಕ ಪದಗಳನ್ನು ಕುರಿತವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಅಂಕಣವನ್ನು ಪೂರ್ತಿಯಾಗಿ ಇವುಗಳಿಗೇ ಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇನೆ.

ಶಿರಸಿ: ನಾನು ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ಆಡಳಿತ ಮಂಡಳಿ ಸಭೆಯ ನಡಾವಳಿಯನ್ನು ಇಂಗ್ಲಿಷಿನಲ್ಲೂ ಬರೆಯಬೇಕಾಗುತ್ತದೆ. ‘ದಿ ಬೋರ್ಡ್ ಡಿಸ್ಕಸ್ಡ್ ಅಬೌಟ್ ದಿ ಪ್ರೈಸ್ ಆಫ್ ಚಾಲಿ’ (ಚಾಲಿ ಎಂದರೆ ಒಣಗಿಸಿ ಸುಲಿದ ಅಡಿಕೆ) ಎಂದು ನಾನು ಬರೆದದ್ದರಲ್ಲಿ ಲೆಕ್ಕಪರಿಶೋಧಕರು ‘ಅಬೌಟ್’ ಹೊಡೆದುಹಾಕಿದರು. ಕನ್ನಡದಲ್ಲಿ ‘ಚಾಲಿ ದರದ ಬಗ್ಗೆ ಚರ್ಚಿಸಲಾಯಿತು’ ಎಂದೇ ಬರೆಯುತ್ತೇವಲ್ಲವೇ? ಆ ‘ಬಗ್ಗೆ’ ಇಂಗ್ಲಿಷಿನಲ್ಲಿ ಎಲ್ಲಿ ಹೋಯಿತು?

ಉತ್ತರ: ಲೆಕ್ಕಪರಿಶೋಧಕರು ತಿದ್ದಿದ್ದು ಸರಿಯಾಗಿದೆ. ‘ಡಿಸ್ಕಸ್’ ಸಕರ್ಮಕ ಕ್ರಿಯಾಪದ. ಚರ್ಚೆಗೆ ಬಂದ ವಿಷಯವೇ ಅದರ ಕರ್ಮಪದವಾದ್ದರಿಂದ ನಡುವೆ ಇನ್ನೊಂದು ಪದಕ್ಕೆ ಎಡೆಯಿಲ್ಲ. ‘ದಿ ಬೋರ್ಡ್ ಡಿಸ್ಕಸ್ಡ್ ದಿ ಪ್ರೈಸ್’ ಎಂದರೆ ಸಾಕು. ‘ಬಗ್ಗೆ’ ಎಂಬ ಅರ್ಥ ಆ ಕ್ರಿಯಾಪದದೊಳಗೇ ಅಡಗಿದೆ.

ಇದು ಇಂಗ್ಲಿಷಿನ ವಿಚಿತ್ರ ನಡೆಯೆಂದು ತಾವು ಭಾವಿಸಬಾರದು. ಯಾವ ಕ್ರಿಯಾಪದಕ್ಕೆ ಯಾವ ವಿಭಕ್ತಿ ಹೊಂದುತ್ತದೆ ಎಂಬುದನ್ನು ಕನ್ನಡದಲ್ಲಿಯೂ ಕ್ರಿಯಾಪದವೇ ತೀರ್ಮಾನಿಸುತ್ತದೆ. ‘ಹಾವಿಗೆ ಹೆದರುತ್ತೇನೆ’ ಎನ್ನುತ್ತೇವೆಯೇ ಹೊರತು ‘ಹಾವನ್ನು ಹೆದರುತ್ತೇನೆ’ ಎನ್ನುವುದಿಲ್ಲ. ಅದೇ ‘ಹೆದರಿಸು’ ಎಂದಾದರೆ ‘ಹಾವನ್ನು’ ಎಂಬುದೇ ಸರಿಯಾಗುತ್ತದೆ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ‘ಕಾಯು’ ಎಂಬುದನ್ನು ನೋಡಿ. ಮಂಗ ಬಾರದಂತೆ ತೋಟವನ್ನು ಕಾಯುತ್ತೇವೆ, ಶಿರಸಿ ಹಳೆ ಬಸ್ ನಿಲ್ದಾಣದಲ್ಲಿ ಕುಮಟಾ ಬಸ್ಸಿಗೆ ಕಾಯುತ್ತೇವೆ. ಕ್ರಿಯಾಪದ ಒಂದೇ ಆದರೂ ‘ಅನ್ನು’ ಬಂದಾಗ ರಕ್ಷಿಸುವ ಅರ್ಥ ಹೊರಡುತ್ತದೆ, ‘ಗೆ’ ಬಂದಾಗ ನಿರೀಕ್ಷಿಸುವ ಅರ್ಥ ಹೊರಡುತ್ತದೆ. ಇದನ್ನು ನಮಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ‘ಕಾಯು’ ಎಂಬ ಮಾತನ್ನು ಅದರ ವಿಭಕ್ತಿಯೊಂದಿಗೇ ಕೇಳಿ ಬೆಳೆದೆವು. ಇಂಗ್ಲಿಷ್ ಕ್ರಿಯಾಪದವನ್ನು ನಾವು ಶಾಲೆಯಲ್ಲಿ ಒಂಟಿಯಾಗಿ, ಕನ್ನಡ ಅರ್ಥದೊಡನೆ ಬಾಯಿಪಾಠ ಮಾಡುತ್ತೇವೆ. ಬಳಸುವ ಹೊತ್ತಿಗೆ ಅದಕ್ಕೆ ಕನ್ನಡದ ವಿಭಕ್ತಿಯನ್ನು ಅನುವಾದಿಸಿ ಜೋಡಿಸುತ್ತೇವೆ. ‘ಡಿಸ್ಕಸ್ ಅಬೌಟ್’ ಹುಟ್ಟಿಕೊಂಡದ್ದು ಹೀಗೆ. ನನ್ನ ಅಭಿಪ್ರಾಯದಲ್ಲಿ ಇಂಥ ತಪ್ಪುಗಳಲ್ಲಿ ಹೆಚ್ಚಿನವುಗಳ ಮೂಲ ಇದೊಂದೇ.

ತಮ್ಮ ನಡಾವಳಿ ಪುಸ್ತಕಕ್ಕೆ ನೇರವಾಗಿ ಉಪಯೋಗವಾಗುವ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಇಂಗ್ಲಿಷಿನಲ್ಲಿ ಎಷ್ಟೋ ಪದಗಳು ನಾಮಪದವಾಗಿಯೂ ಕ್ರಿಯಾಪದವಾಗಿಯೂ ಒಂದೇ ರೂಪದಲ್ಲಿರುತ್ತವೆ. ಆದರೆ ನಾಮಪದವಾದಾಗ ‘ಟು’, ‘ಫಾರ್’, ‘ಆನ್’ ಮುಂತಾದ ಪ್ರಿಪೊಸಿಷನ್ ಬೇಡುತ್ತವೆ, ಕ್ರಿಯಾಪದವಾದಾಗ ಬೇಡುವುದಿಲ್ಲ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ಆದರೆ ಕ್ರಿಯಾಪದವಾದಾಗ ‘ಹಿ ರಿಕ್ವೆಸ್ಟೆಡ್ ಲೀವ್’ ಎಂದಷ್ಟೇ. ‘ಆ್ಯನ್ ಆರ್ಡರ್ ಫಾರ್ ಫಿಫ್ಟಿ ಬ್ಯಾಗ್ಸ್’ ಸರಿ, ಆದರೆ ‘ವಿ ಆರ್ಡರ್ಡ್ ಫಿಫ್ಟಿ ಬ್ಯಾಗ್ಸ್’. ‘ಎ ವಿಸಿಟ್ ಟು ದಿ ಗೋಡೌನ್’ ಸರಿ, ಆದರೆ ‘ದಿ ಡೈರೆಕ್ಟರ್ಸ್ ವಿಸಿಟೆಡ್ ದಿ ಗೋಡೌನ್’. ‘ಲ್ಯಾಕ್ ಆಫ್ ಸ್ಪೇಸ್’ ಸರಿ, ಆದರೆ ‘ದಿ ಗೋಡೌನ್ ಲ್ಯಾಕ್ಸ್ ಸ್ಪೇಸ್’. ‘ಸ್ಟ್ರೆಸ್’ ಮತ್ತು ‘ಎಂಫಸೈಜ್’ ಇವುಗಳದ್ದೂ ಇದೇ ಕಥೆ: ‘ಸ್ಟ್ರೆಸ್ ಆನ್ ಕ್ವಾಲಿಟಿ’ ಎಂಬ ನಾಮಪದದ ಪ್ರಯೋಗದಿಂದ ‘ಆನ್’ ತೆಗೆದುಕೊಂಡು ‘ದಿ ಪ್ರೆಸಿಡೆಂಟ್ ಸ್ಟ್ರೆಸ್ಡ್ ಆನ್ ಕ್ವಾಲಿಟಿ’ ಎಂದು ಬರೆದುಬಿಡುತ್ತೇವೆ. ‘ಡಿಸ್ಕಸ್’ ಕೂಡ ಈ ಗುಂಪಿನದೇ, ಏಕೆಂದರೆ ‘ಎ ಡಿಸ್ಕಷನ್ ಅಬೌಟ್ ದಿ ಪ್ರೈಸ್’ ಎಂಬುದು ತಪ್ಪಲ್ಲ. ಹೀಗಾಗಿ ತಮ್ಮ ವಾಕ್ಯದ ‘ಅಬೌಟ್’ ಕನ್ನಡದ ‘ಬಗ್ಗೆ’ಯಿಂದಲೂ ಬಂದಿರಬಹುದು, ‘ಡಿಸ್ಕಷನ್’ ಎಂಬ ನಾಮಪದದ ಕಡೆಯಿಂದಲೂ ಬಂದಿರಬಹುದು.

‘ರೀಚ್’, ‘ಎಂಟರ್’, ‘ಮ್ಯಾರಿ’, ‘ರಿಸೆಂಬಲ್’ ಇವು ಸಹ ಒಂಟಿಯಾಗಿ ನಡೆಯುವಂಥವು. ‘ರೀಚ್ಡ್ ಟು ಕಾರವಾರ’ ಎನ್ನಬಾರದು, ‘ರೀಚ್ಡ್ ಕಾರವಾರ’ ಎನ್ನಬೇಕು. ‘ಎಂಟರ್ಡ್ ದಿ ಆಫೀಸ್’ ಎಂದರೆ ಒಳಗೆ ಹೋಗುವುದು; ‘ಎಂಟರ್ಡ್ ಇನ್‌ಟು ಆ್ಯನ್ ಅಗ್ರಿಮೆಂಟ್’ ಎಂದರೆ ಕರಾರು ಮಾಡಿಕೊಳ್ಳುವುದು. ‘ಇನ್‌ಟು’ ಎರಡನೆಯದರಲ್ಲಿ ಮಾತ್ರ ಬರುತ್ತದೆ.

ಕುಮಟಾ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ‘ಟೆಲ್ ಮಿ’ ಸರಿ, ‘ಸೇ ಮಿ’ ತಪ್ಪು, ‘ಎಕ್ಸ್‌ಪ್ಲೇನ್ ಮಿ’ ಕೂಡ ತಪ್ಪು ಎಂದು ನಮ್ಮ ಉಪನ್ಯಾಸಕರು ಹೇಳಿದರು. ಕನ್ನಡದಲ್ಲಿ ಮೂರಕ್ಕೂ ‘ನನಗೆ’ ಎಂದೇ ಇರುವುದರಿಂದ ನೆನಪಿಟ್ಟುಕೊಳ್ಳುವುದು ಕಷ್ಟವಾಗುತ್ತಿದೆ. ದಯವಿಟ್ಟು ತಿಳಿಸಿ.

ಉತ್ತರ: ನಿನ್ನ ಉಪನ್ಯಾಸಕರು ಸರಿಯಾಗಿಯೇ ಹೇಳಿದ್ದಾರೆ. ‘ಟೆಲ್’ ಆದಮೇಲೆ ಕೇಳಿಸಿಕೊಳ್ಳುವ ವ್ಯಕ್ತಿ ನೇರವಾಗಿ ಬರುತ್ತಾನೆ: ‘ಟೆಲ್ ಮಿ ದಿ ಆನ್ಸರ್’. ‘ಸೇ’, ‘ಎಕ್ಸ್‌ಪ್ಲೇನ್’, ‘ಡಿಸ್ಕ್ರೈಬ್’, ‘ಸಜೆಸ್ಟ್’ ಇವುಗಳ ನಂತರ ನೇರವಾಗಿ ಬರುವುದು ಹೇಳಿದ ವಿಷಯ; ವ್ಯಕ್ತಿಯನ್ನು ಸೇರಿಸಬೇಕಾದರೆ ‘ಟು’ ಬೇಕು. ‘ಎಕ್ಸ್‌ಪ್ಲೇನ್ ದಿ ಸಮ್ ಟು ಮಿ’ ಎಂದರೆ ಸರಿ. ವ್ಯಕ್ತಿಯ ಹೆಸರೇ ಬೇಡವಾದಾಗ ‘ಎಕ್ಸ್‌ಪ್ಲೇನ್ ದಿ ಸಮ್’ ಎಂದು ನಿಲ್ಲಿಸಬಹುದು, ಆದರೆ ‘ಎಕ್ಸ್‌ಪ್ಲೇನ್ ಮಿ’ ಎಂಬಲ್ಲಿ ವಿವರಿಸಬೇಕಾದ ವಿಷಯವೇ ನೀನು ಎಂಬಂತಾಗುತ್ತದೆ.

ಕನ್ನಡದಲ್ಲಿ ಮೂರಕ್ಕೂ ‘ನನಗೆ’ ಎಂದೇ ಇದೆ ಎಂದು ಬರೆದಿರುವೆ. ನಿಮ್ಮ ಮನೆಯ ಮಾತನ್ನು ಸ್ವಲ್ಪ ಗಮನಿಸಿ ಕೇಳು. ನಮ್ಮ ಜಿಲ್ಲೆಯಲ್ಲಿ ‘ಅವನ ಹತ್ತಿರ ಹೇಳು’, ‘ಅಮ್ಮನ ಹತ್ತಿರ ಕೇಳು’ ಎನ್ನುವವರೇ ಬಹಳ ಮಂದಿ. ಮೈಸೂರಿನ ಕಡೆ ‘ಅವನಿಗೆ ಹೇಳು’, ‘ಅಮ್ಮನನ್ನು ಕೇಳು’ ಎನ್ನುತ್ತಾರೆ. ಒಂದೇ ಭಾಷೆಯೊಳಗೆ ಸೀಮೆಯಿಂದ ಸೀಮೆಗೆ ಕ್ರಿಯಾಪದದ ಜೊತೆಗಾರ ಬದಲಾಗುವಾಗ, ಇನ್ನೊಂದು ಭಾಷೆಯಲ್ಲಿ ಅದು ನಮ್ಮದರಂತೆಯೇ ಇರಲೆಂದು ಎದುರುನೋಡುವುದಕ್ಕೆ ಕಾರಣವಿಲ್ಲ.

ಇದೇ ಜಾತಿಯ ಇನ್ನೆರಡನ್ನು ಪರೀಕ್ಷೆಯ ದೃಷ್ಟಿಯಿಂದ ಸೇರಿಸುತ್ತೇನೆ. ‘ನನ್ನ ಮೇಲೆ ಸಿಟ್ಟಾದ’ ಎಂಬುದನ್ನು ‘ಆ್ಯಂಗ್ರಿ ಆನ್ ಮಿ’ ಎಂದು ಬರೆಯುವವರು ಬಹಳ. ‘ಆ್ಯಂಗ್ರಿ ವಿತ್ ಮಿ’ ಅಥವಾ ‘ಆ್ಯಂಗ್ರಿ ಆ್ಯಟ್ ಮಿ’ ಸರಿಯಾದ ರೂಪ. ಸಿಟ್ಟಿಗೆ ಕಾರಣವಾದ ವಿಷಯಕ್ಕೆ ‘ಅಬೌಟ್’ ಬರುತ್ತದೆ. ‘ಕಾಫಿಗಿಂತ ಚಹಾ ಇಷ್ಟ’ ಎಂಬುದನ್ನು ‘ಪ್ರಿಫರ್ ಟೀ ದ್ಯಾನ್ ಕಾಫಿ’ ಎಂದು ಬರೆಯುವುದಕ್ಕೆ ಕನ್ನಡದ ‘ಗಿಂತ’ ಕಾರಣ. ‘ಪ್ರಿಫರ್’ ಲ್ಯಾಟಿನ್ ಮೂಲದ ಮಾತು, ಅದಕ್ಕೆ ‘ಟು’ ಹೊಂದುತ್ತದೆ: ‘ಐ ಪ್ರಿಫರ್ ಟೀ ಟು ಕಾಫಿ’. ಲ್ಯಾಟಿನ್ನಿನಿಂದಲೇ ಬಂದ ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಇವುಗಳಿಗೂ ‘ದ್ಯಾನ್’ ಬಾರದೆ ‘ಟು’ ಬರುತ್ತದೆಂದು ನಿನಗೆ ಪಾಠವಾಗಿರಬೇಕು. ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡರೆ ಮರೆಯುವುದಿಲ್ಲ.

ಕಾರವಾರ: ದೇವಬಾಗ ಕಡೆ ಸಣ್ಣದೊಂದು ಹೋಮ್‌ಸ್ಟೇ ನಡೆಸುತ್ತಿದ್ದೇನೆ. ರೈಲಿನಲ್ಲಿ ಬರುವವರು ‘ಪ್ಲೀಸ್ ಪಿಕ್ ಅಸ್ ಅಪ್ ಫ್ರಮ್ ದಿ ಸ್ಟೇಷನ್’ ಎಂದು ವಾಟ್ಸ್‌ಆ್ಯಪ್ ಮಾಡುತ್ತಾರೆ. ನಾನು ‘ಐ ವಿಲ್ ಪಿಕ್ ಅಪ್ ಯು’ ಎಂದು ಉತ್ತರಿಸಿದರೆ, ‘ಪಿಕ್ ಯು ಅಪ್’ ಎನ್ನಬೇಕು ಎಂದು ಮಗಳು ತಿದ್ದುತ್ತಾಳೆ. ಹಾಗಾದರೆ ‘ಐ ವಿಲ್ ವೇಟ್ ಫಾರ್ ಯು’ ಎನ್ನುವಾಗ ‘ಯು’ ಕೊನೆಯಲ್ಲಿ ಯಾಕೆ ಬರುತ್ತದೆ? ಅದನ್ನೂ ‘ವೇಟ್ ಯು ಫಾರ್’ ಎನ್ನಬೇಕಲ್ಲವೇ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಇಂಗ್ಲಿಷ್ ವ್ಯಾಕರಣದ ಒಂದು ಮುಖ್ಯ ವಿಭಾಗ ಇದರ ಮೇಲೆಯೇ ನಿಂತಿದೆ.

‘ವೇಟ್ ಫಾರ್ ಯು’ ಎಂಬಲ್ಲಿ ‘ಫಾರ್’ ನಿಜವಾದ ಪ್ರಿಪೊಸಿಷನ್. ಅದು ‘ಯು’ ಎಂಬುದಕ್ಕೆ ಅಂಟಿಕೊಂಡಿದೆ, ನಮ್ಮ ‘ನಿಮಗಾಗಿ’ ಎಂಬುದರಲ್ಲಿ ‘ಆಗಿ’ ಅಂಟಿಕೊಂಡಂತೆ. ತನ್ನ ನಾಮಪದವನ್ನು ಬಿಟ್ಟು ಅದು ಹಿಂದೆ ಸರಿಯಲಾರದು. ‘ಪಿಕ್ ಅಪ್’ ಎಂಬಲ್ಲಿ ‘ಅಪ್’ ಅಂಟಿಕೊಂಡಿರುವುದು ‘ಪಿಕ್’ ಎಂಬ ಕ್ರಿಯಾಪದಕ್ಕೆ. ಎರಡೂ ಸೇರಿ ಒಂದೇ ಕ್ರಿಯಾಪದವಾಗಿ ‘ಬಂದು ಕರೆದುಕೊಂಡು ಹೋಗು’ ಎಂಬ ಹೊಸ ಅರ್ಥ ಬಂದಿದೆ. ‘ಅಪ್’ ಎಂದರೆ ಮೇಲೆ ಎಂಬ ಅರ್ಥ ಅಲ್ಲಿ ಉಳಿದಿಲ್ಲ. ಇಂಥವನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ವಿದ್ವಾಂಸರು 1925ರಲ್ಲಿ ಈ ಹೆಸರನ್ನು ಬಳಕೆಗೆ ತಂದರು; ಆದರೆ ಪ್ರಯೋಗ ಅದಕ್ಕಿಂತ ಬಹಳ ಹಳೆಯದು. 1755ರಲ್ಲಿ ತಮ್ಮ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಅವರು, ಹೊರನಾಡಿನಿಂದ ಇಂಗ್ಲಿಷ್ ಕಲಿಯಲು ಬರುವವರಿಗೆ ಅತಿ ಹೆಚ್ಚು ತೊಡಕಾಗುವುದು ಈ ಬಗೆಯ ಜೋಡಣೆಯೇ ಎಂದು ಅದರ ಮುನ್ನುಡಿಯಲ್ಲಿ ಬರೆದಿದ್ದಾರೆ. ಆದ್ದರಿಂದ ತಮ್ಮ ತೊಡಕು ಹೊಸದಲ್ಲ.

ಕನ್ನಡದಲ್ಲಿ ಇದರ ಸೊಗಸು ನಮಗೆ ದಿನವೂ ಸಿಗುತ್ತದೆ. ‘ನೋಡು’ ಬೇರೆ, ‘ನೋಡಿಕೊಳ್ಳು’ ಬೇರೆ. ಅತಿಥಿಗಳನ್ನು ನೋಡಿದೆ ಎಂದರೆ ಕಣ್ಣಿಗೆ ಬಿದ್ದರು, ಅತಿಥಿಗಳನ್ನು ನೋಡಿಕೊಂಡೆ ಎಂದರೆ ಊಟ ತಿಂಡಿ ವಿಚಾರಿಸಿದೆ. ‘ಕೊಳ್ಳು’ ಇಲ್ಲಿ ಖರೀದಿಯ ಅರ್ಥವನ್ನು ಬಿಟ್ಟುಕೊಟ್ಟು ‘ನೋಡು’ ಎಂಬುದರ ಅರ್ಥವನ್ನೇ ತಿರುಗಿಸಿದೆ. ‘ಹೇಳಿಕೊಡು’, ‘ಬಿದ್ದುಹೋಗು’, ‘ಹೊಡೆದುಹಾಕು’ ಎಲ್ಲವೂ ಹೀಗೆಯೇ. ಇಂಗ್ಲಿಷಿನಲ್ಲಿ ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಎನ್ನುವಾಗ ‘ಅಪ್’ ಮಾಡುವ ಕೆಲಸ ನಮ್ಮ ‘ತಿಂದುಬಿಡು’, ‘ಕುಡಿದುಬಿಡು’ ಎಂಬಲ್ಲಿ ‘ಬಿಡು’ ಮಾಡುವ ಕೆಲಸಕ್ಕೆ ತೀರ ಹತ್ತಿರ: ಕ್ರಿಯೆ ಪೂರ್ತಿ ಮುಗಿಯಿತು ಎಂಬುದನ್ನು ತೋರಿಸುವುದು.

ಈಗ ‘ಯು’ ಎಲ್ಲಿರಬೇಕು ಎಂಬುದಕ್ಕೆ ಬರೋಣ. ಕರ್ಮಪದ ನಾಮಪದವಾಗಿದ್ದರೆ ಎರಡು ಕಡೆಯೂ ಇಡಬಹುದು. ‘ಪಿಕ್ ಅಪ್ ದಿ ಗೆಸ್ಟ್ಸ್’ ಸರಿ, ‘ಪಿಕ್ ದಿ ಗೆಸ್ಟ್ಸ್ ಅಪ್’ ಕೂಡ ಸರಿ. ಸರ್ವನಾಮವಾಗಿದ್ದರೆ ಮಾತ್ರ ನಡುವೆಯೇ ಬರಬೇಕು: ‘ಪಿಕ್ ಯು ಅಪ್’, ‘ಡ್ರಾಪ್ ದೆಮ್ ಆಫ್’, ‘ಕಾಲ್ ಮಿ ಬ್ಯಾಕ್’, ‘ಸೀ ಹಿಮ್ ಆಫ್’. ಕರ್ಮಪದ ಉದ್ದವಾಗಿದ್ದರೆ, ಉದಾಹರಣೆಗೆ ‘ಬೆಳಗಿನ ರೈಲಿಗೆ ಮಡಗಾಂವದಿಂದ ಬಂದ ಇಬ್ಬರು ಅತಿಥಿಗಳು’ ಎಂಬಷ್ಟು ಇದ್ದರೆ, ಅದನ್ನು ನಡುವೆ ತುರುಕದೆ ‘ಪಿಕ್ ಅಪ್’ ಆದಮೇಲೆ ಇಡುವುದೇ ಕಿವಿಗೆ ಹಿತ. ತಮ್ಮ ಮಗಳು ಹೇಳಿದ್ದು ಸರಿ.

ಒಂದು ಜೋಡಿ ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯುವುದಕ್ಕೆ ಕಿವಿಯೇ ಒಳ್ಳೆಯ ಒರೆಗಲ್ಲು. ‘ಪಿಕ್ ಯು ಅಪ್’ ಎನ್ನುವಾಗ ಒತ್ತು ಕೊನೆಯ ‘ಅಪ್’ ಮೇಲೆ ಬೀಳುತ್ತದೆ. ‘ವೇಟ್ ಫಾರ್ ಯು’, ‘ಲುಕ್ ಆ್ಯಟ್ ಇಟ್’ ಎನ್ನುವಾಗ ಒತ್ತು ‘ವೇಟ್’, ‘ಲುಕ್’ ಮೇಲೆಯೇ ಇರುತ್ತದೆ, ‘ಫಾರ್’ ಮತ್ತು ‘ಆ್ಯಟ್’ ಸದ್ದಿಲ್ಲದೆ ಸರಿದುಹೋಗುತ್ತವೆ. ಒಂದೇ ಜೋಡಿ ಎರಡೂ ಗುಂಪಿನಲ್ಲಿ ಇರುವುದುಂಟು. ನಿಘಂಟಿನಲ್ಲಿ ಪದವೊಂದನ್ನು ಹುಡುಕಿದರೆ ‘ಲುಕ್ ಅಪ್ ದಿ ವರ್ಡ್’ ಅಥವಾ ‘ಲುಕ್ ದಿ ವರ್ಡ್ ಅಪ್’ ಎನ್ನಬಹುದು. ಆದರೆ ಬುಡದಲ್ಲಿ ನಿಂತು ಗುಡ್ಡದ ಮೇಲ್ಗಡೆ ಕಣ್ಣು ಹಾಯಿಸಿದರೆ ‘ಲುಕ್ ಅಪ್ ದಿ ಹಿಲ್’ ಎಂದಷ್ಟೇ ಹೇಳಬೇಕು, ‘ಲುಕ್ ದಿ ಹಿಲ್ ಅಪ್’ ಎಂದರೆ ಅರ್ಥವಾಗುವುದಿಲ್ಲ.

ತಮ್ಮ ವ್ಯವಹಾರಕ್ಕೆ ಬೇಕಾಗುವ ಇನ್ನೊಂದು ಮಾತು. ‘ಗೆಟ್ ಡೌನ್ ಆ್ಯಟ್ ಅಂಕೋಲಾ’ ಎಂದು ನಾವೆಲ್ಲರೂ ಹೇಳುತ್ತೇವೆ, ಭಾರತದಲ್ಲಿ ಎಲ್ಲಿ ಹೇಳಿದರೂ ತಿಳಿಯುತ್ತದೆ. ಹೊರದೇಶದವರಿಗಾದರೆ ಬಸ್ಸು, ರೈಲುಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’ ಎಂದು ಬರೆಯಿರಿ. ಕಾರು, ರಿಕ್ಷಾಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಒಳಗೆ ಎದ್ದು ಓಡಾಡಬಹುದಾದ ವಾಹನಕ್ಕೆ ‘ಆನ್’ ಮತ್ತು ‘ಆಫ್’, ಹತ್ತಿದ ಕೂಡಲೇ ಕೂರಲೇಬೇಕಾದ ವಾಹನಕ್ಕೆ ‘ಇನ್’ ಮತ್ತು ‘ಔಟ್’ ಎಂದು ಇಟ್ಟುಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಗೋಕರ್ಣ: ನಾನು ಸಂಸ್ಕೃತ ವಿದ್ಯಾರ್ಥಿ. ಇಂಗ್ಲಿಷಿನ ‘ಗಿವ್ ಅಪ್’, ‘ಗಿವ್ ಇನ್’, ‘ಗಿವ್ ಅವೇ’ ಇವನ್ನು ಓದುವಾಗ ನಮ್ಮ ಉಪಸರ್ಗಗಳ ನೆನಪಾಗುತ್ತದೆ. ಈ ಹೋಲಿಕೆ ಎಷ್ಟರಮಟ್ಟಿಗೆ ಸರಿ?

ಉತ್ತರ: ತಾವು ಊಹಿಸಿದ್ದಕ್ಕಿಂತಲೂ ಹೆಚ್ಚು ಸರಿ. ‘ಉಪಸರ್ಗೇಣ ಧಾತ್ವರ್ಥೋ ಬಲಾದನ್ಯತ್ರ ನೀಯತೇ, ಪ್ರಹಾರಾಹಾರಸಂಹಾರವಿಹಾರಪರಿಹಾರವತ್’ ಎಂಬ ಶ್ಲೋಕವನ್ನು ತಾವು ಕಲಿತೇ ಇರುತ್ತೀರಿ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂಬ ಆ ಮಾತು ‘ಗಿವ್ ಅಪ್’ ಎಂಬುದಕ್ಕೆ ಹಾಗೆಯೇ ಹೊಂದುತ್ತದೆ. ಕೊಡುವ ಧಾತುವೇ ‘ಅಪ್’ ಸೇರಿದಾಗ ಕೈಬಿಡುವುದಾಯಿತು, ‘ಇನ್’ ಸೇರಿದಾಗ ಮಣಿಯುವುದಾಯಿತು, ‘ಅವೇ’ ಸೇರಿದಾಗ ದಾನ ಮಾಡುವುದೂ ಆಯಿತು, ಗುಟ್ಟನ್ನು ಬಿಟ್ಟುಕೊಡುವುದೂ ಆಯಿತು.

ಪ್ರಾದಿಗಳು, ಅಂದರೆ ‘ಪ್ರ’ ಮೊದಲಾದ ಉಪಸರ್ಗಗಳು, 22 ಎಂದು ಸಂಪ್ರದಾಯ ಎಣಿಸುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವ ಪದಗಳೂ ಬೆರಳೆಣಿಕೆಯವೇ. ವ್ಯತ್ಯಾಸವಿರುವುದು ಸ್ಥಾನದಲ್ಲಿ. ಸಂಸ್ಕೃತದಲ್ಲಿ ಉಪಸರ್ಗ ಧಾತುವಿನ ಮೊದಲಿಗೇ ಅಂಟಿಕೊಂಡಿರುತ್ತದೆ, ಇಂಗ್ಲಿಷಿನಲ್ಲಿ ಕ್ರಿಯಾಪದ ಮುಗಿದ ಮೇಲೆ ಬಿಡಿಯಾಗಿ ಬರುತ್ತದೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಪಾಣಿನಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದವನ್ನು ತೆರೆದು ನೋಡಿ. ‘ತೇ ಪ್ರಾಗ್ಧಾತೋಃ’ ಎಂದು ಉಪಸರ್ಗಗಳನ್ನು ಧಾತುವಿಗಿಂತ ಮೊದಲು ಇಡುವ ಸೂತ್ರದ ಬೆನ್ನಿಗೇ ‘ಛಂದಸಿ ಪರೇಽಪಿ’, ‘ವ್ಯವಹಿತಾಶ್ಚ’ ಎಂಬ ಎರಡು ಸೂತ್ರಗಳಿವೆ. ವೇದಭಾಷೆಯಲ್ಲಿ ಉಪಸರ್ಗ ಧಾತುವಿನ ನಂತರವೂ ಬರಬಹುದು, ನಡುವೆ ಬೇರೆ ಪದಗಳನ್ನು ಬಿಟ್ಟುಕೊಂಡು ದೂರದಲ್ಲಿಯೂ ನಿಲ್ಲಬಹುದು ಎಂದು ಅವು ಹೇಳುತ್ತವೆ. ‘ಪಿಕ್ ಯು ಅಪ್’ ಎಂಬ ಕಾರವಾರದ ಓದುಗರ ವಾಕ್ಯದಲ್ಲಿ ‘ಅಪ್’ ವ್ಯವಹಿತವಾಗಿದೆ ಎನ್ನಲು ತಮಗೆ ಯಾವ ಅಡ್ಡಿಯೂ ಇಲ್ಲ.

ಇಂಗ್ಲಿಷ್ ನಡೆದದ್ದು ಸಂಸ್ಕೃತದ ಎದುರು ದಿಕ್ಕಿನಲ್ಲಿ. ವೇದದಲ್ಲಿ ಸಡಿಲವಾಗಿದ್ದ ಉಪಸರ್ಗ ಲೌಕಿಕ ಸಂಸ್ಕೃತದಲ್ಲಿ ಧಾತುವಿಗೆ ಬಿಗಿಯಾಗಿ ಅಂಟಿತು. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದದ ಮೊದಲಿಗೆ ಅಂಟಿಕೊಂಡು ಬರುತ್ತಿದ್ದವುಗಳ ಬಳಕೆ ಕಾಲಕ್ರಮದಲ್ಲಿ ಕುಗ್ಗಿ, ಕ್ರಿಯಾಪದವಾದ ಮೇಲೆ ಬಿಡಿಯಾಗಿ ಬರುವ ಜೋಡಣೆ ಬೆಳೆಯಿತು. ಹಳೆಯ ಬಗೆಯ ಜೋಡಣೆ ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’, ‘ಓವರ್‌ಕಮ್’ ಇವುಗಳಲ್ಲಿ ಇಂದಿಗೂ ಕಾಣುತ್ತದೆ. ಕೆಲವು ಕಡೆ ಎರಡು ಬಗೆಯೂ ಅಕ್ಕಪಕ್ಕ ಉಳಿದು ಬೇರೆ ಬೇರೆ ಅರ್ಥ ಪಡೆದಿರುವುದು ನನಗಂತೂ ಬಹಳ ಪ್ರಿಯವಾದ ವಿಷಯ. ದೇವಿಮನೆ ಘಟ್ಟದಲ್ಲಿ ಬಸ್ಸು ಲಾರಿಯನ್ನು ಹಿಂದಿಕ್ಕಿದರೆ ‘ಓವರ್‌ಟೇಕ್’, ಹೊಸ ಅಧಿಕಾರಿ ಹುದ್ದೆಯನ್ನು ವಹಿಸಿಕೊಂಡರೆ ‘ಟೇಕ್ ಓವರ್’. ತಪ್ಪನ್ನು ಕಂಡರೂ ಕಾಣದಂತೆ ಬಿಟ್ಟರೆ ‘ಓವರ್‌ಲುಕ್’, ಬರೆದದ್ದರ ಮೇಲೆ ಒಮ್ಮೆ ಕಣ್ಣಾಡಿಸಿದರೆ ‘ಲುಕ್ ಓವರ್’. ತೀರ್ಪನ್ನು ಮೇಲಿನ ನ್ಯಾಯಾಲಯ ಎತ್ತಿಹಿಡಿದರೆ ‘ಅಪ್‌ಹೋಲ್ಡ್’, ಗುಡ್ಡ ಕುಸಿದು ವಾಹನಗಳು ತಡೆದು ನಿಂತರೆ ‘ಹೋಲ್ಡ್ ಅಪ್’. ಎರಡರಲ್ಲಿಯೂ ಇರುವ ಪದಗಳು ಅವೇ, ಕ್ರಮ ಮಾತ್ರ ಬದಲು.

ಅಂಕೋಲಾ: ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ‘ಪುಟ್ ಅಪ್ ದಿ ಫೈಲ್’, ‘ಫಿಲ್ ಅಪ್ ದಿ ಫಾರ್ಮ್’, ‘ರಿವರ್ಟ್ ಬ್ಯಾಕ್’, ‘ಕೋಪ್ ಅಪ್ ವಿತ್ ದಿ ವರ್ಕ್’ ಎಂದು ದಿನವೂ ಬರೆಯುತ್ತೇವೆ. ಇವೆಲ್ಲ ತಪ್ಪು ಎಂದು ಎಲ್ಲೋ ಓದಿದೆ. ನಿಜವೇ?

ಉತ್ತರ: ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ‘ಪುಟ್ ಅಪ್ ದಿ ಫೈಲ್’ ಎಂಬುದು ಭಾರತದ ಕಚೇರಿಗಳಲ್ಲಿ ನೆಲೆನಿಂತ ಪ್ರಯೋಗ. ‘ಕಡತ ಮಂಡಿಸಿ’ ಎಂಬ ನಿಖರವಾದ ಅರ್ಥ ಅದಕ್ಕಿದೆ, ಓದುವವರಿಗೂ ಅದೇ ತಿಳಿಯುತ್ತದೆ. ಅದನ್ನು ತಪ್ಪೆನ್ನಲು ನಾನು ಒಪ್ಪುವುದಿಲ್ಲ. ಕಚೇರಿಯ ಹೊರಗೆ ಬರೆಯುವಾಗ ‘ಸಬ್‌ಮಿಟ್’ ಎಂದರಾಯಿತು. ‘ಫಿಲ್ ಅಪ್ ದಿ ಫಾರ್ಮ್’ ಎನ್ನುವುದಕ್ಕೂ ನನ್ನ ಆಕ್ಷೇಪವಿಲ್ಲ. ಬ್ರಿಟನ್ನಿನಲ್ಲಿ ‘ಫಿಲ್ ಇನ್’, ಅಮೆರಿಕದಲ್ಲಿ ‘ಫಿಲ್ ಔಟ್’ ಹೆಚ್ಚು ಬಳಕೆಯಲ್ಲಿವೆ ಎಂಬುದನ್ನಷ್ಟೇ ತಿಳಿದಿರಬೇಕು. ಅಲ್ಲಿ ‘ಫಿಲ್ ಅಪ್’ ಎಂದರೆ ಗಾಡಿಯ ಟ್ಯಾಂಕು ತುಂಬಿಸುವುದು ಮೊದಲು ನೆನಪಿಗೆ ಬರುತ್ತದೆ.

‘ರಿವರ್ಟ್ ಬ್ಯಾಕ್’ ಬೇರೆ ಜಾತಿಯದು. ‘ರಿವರ್ಟ್’ ಎಂಬುದರಲ್ಲಿಯೇ ಹಿಂದಿರುಗುವ ಅರ್ಥ ಇರುವುದರಿಂದ ‘ಬ್ಯಾಕ್’ ಪುನರುಕ್ತಿ. ‘ರಿಟರ್ನ್ ಬ್ಯಾಕ್’ ಕೂಡ ಹಾಗೆಯೇ. ಅದಲ್ಲದೆ ‘ರಿವರ್ಟ್’ ಎಂದರೆ ಮೊದಲಿನ ಸ್ಥಿತಿಗೆ ಮರಳುವುದು ಎಂಬುದೇ ಸಾಮಾನ್ಯ ಅರ್ಥ, ‘ಉತ್ತರ ಕೊಡು’ ಎಂಬ ಅರ್ಥದಲ್ಲಿ ಅದನ್ನು ಹೊರದೇಶದ ಪತ್ರವ್ಯವಹಾರದಲ್ಲಿ ಬಳಸದಿರುವುದು ಒಳ್ಳೆಯದು. ‘ರಿಪ್ಲೈ’ ಎನ್ನಿ, ಅದರ ಜೊತೆ ‘ಟು’ ಇರಲಿ: ‘ರಿಪ್ಲೈ ಟು ದಿ ಲೆಟರ್’. ಉಳಿದದ್ದು ‘ಕೋಪ್ ಅಪ್ ವಿತ್’. ಇದನ್ನು ಮಾತ್ರ ತಾವು ಬಿಟ್ಟುಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ‘ಕೋಪ್ ವಿತ್’ ಎಂದಷ್ಟೇ ಸರಿ. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’, ‘ಪುಟ್ ಅಪ್ ವಿತ್’ ಎಂಬ ಮೂರು ಸರಿಯಾದ ಜೋಡಣೆಗಳು ನಾಲಿಗೆಯ ಮೇಲೆ ಇರುವುದರಿಂದ ‘ಕೋಪ್’ ನಡುವೆಯೂ ‘ಅಪ್’ ನುಸುಳುತ್ತದೆ, ಅದರಿಂದ ಅರ್ಥಕ್ಕೆ ಏನೂ ಸೇರುವುದಿಲ್ಲ.

ತಾವು ಕೇಳದಿದ್ದರೂ ‘ಪಾಸ್ ಔಟ್’ ಬಗ್ಗೆ ಎಚ್ಚರಿಸುತ್ತೇನೆ. ಪದವಿ ಮುಗಿಸಿದೆ ಎಂಬರ್ಥದಲ್ಲಿ ‘ಐ ಪಾಸ್ಡ್ ಔಟ್ ಇನ್ 2015’ ಎಂದು ಉದ್ಯೋಗದ ಅರ್ಜಿಯಲ್ಲಿ ಬರೆಯುವವರಿದ್ದಾರೆ. ಬ್ರಿಟನ್ನಿನಲ್ಲಿ ಸೈನಿಕ ತರಬೇತಿ ಮುಗಿಸಿದವರಿಗೆ ಆ ಮಾತು ಸಲ್ಲುತ್ತದೆ, ಉಳಿದ ಕಡೆ ಅದರ ಅರ್ಥ ಎಚ್ಚರ ತಪ್ಪಿ ಬೀಳುವುದು. ಅರ್ಜಿಯಲ್ಲಿ ‘ಗ್ರಾಜುಯೇಟೆಡ್ ಇನ್ 2015’ ಎಂದಿರಲಿ.

ಕಾರವಾರ: ‘ಅಪ್ಲೈ ಟು’ ಸರಿಯೋ ‘ಅಪ್ಲೈ ಫಾರ್’ ಸರಿಯೋ?

ಉತ್ತರ: ಎರಡೂ ಸರಿ. ಯಾರಿಗೆ ಅರ್ಜಿ ಎಂಬುದಕ್ಕೆ ‘ಟು’, ಯಾವುದಕ್ಕಾಗಿ ಎಂಬುದಕ್ಕೆ ‘ಫಾರ್’: ‘ಐ ಅಪ್ಲೈಡ್ ಟು ದಿ ಬ್ಯಾಂಕ್ ಫಾರ್ ಎ ಲೋನ್’. ನಿಯಮವೊಂದು ತಮಗೆ ಅನ್ವಯಿಸುತ್ತದೆ ಎನ್ನುವಾಗ ‘ದಿ ರೂಲ್ ಅಪ್ಲೈಸ್ ಟು ಯು’. ನೌಕಾನೆಲೆ, ಕೈಗಾ ಕಡೆಯ ಉದ್ಯೋಗಗಳಿಗೆ ಅರ್ಜಿ ಹಾಕುವ ನಮ್ಮ ಯುವಕರಿಗೆ ‘ರಿಪೋರ್ಟ್’ ಕೂಡ ಬೇಕಾಗುತ್ತದೆ: ಮೇಲಧಿಕಾರಿಗೆ ‘ರಿಪೋರ್ಟ್ ಟು’, ಕೆಲಸಕ್ಕೆ ಹಾಜರಾಗುವುದು ‘ರಿಪೋರ್ಟ್ ಫಾರ್ ಡ್ಯೂಟಿ’, ವರದಿ ಮಾಡುವುದು ‘ರಿಪೋರ್ಟ್ ಆನ್’.

ಹೊನ್ನಾವರ: ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಎಂದು ಶಾಲೆಯಲ್ಲಿ ಕಲಿತೆವು. ಆದರೆ ‘ಹೂ ಆರ್ ಯು ವೇಟಿಂಗ್ ಫಾರ್’ ಎಂದೇ ಎಲ್ಲರೂ ಹೇಳುತ್ತಾರೆ.

ಉತ್ತರ: ಎಲ್ಲರೂ ಹೇಳುವುದು ಸರಿ. ಕವಿ ಜಾನ್ ಡ್ರೈಡನ್ 1672ರಲ್ಲಿ ಇಂಥ ವಾಕ್ಯಗಳಿಗೆ ಆಕ್ಷೇಪ ಎತ್ತಿದರು, ಮುಂದೆ ವ್ಯಾಕರಣ ಪುಸ್ತಕಗಳು ಅದನ್ನು ನಿಯಮವೆಂಬಂತೆ ಹಿಡಿದುಕೊಂಡವು. ಇಂಗ್ಲಿಷಿನ ಸಹಜ ನಡೆಗೆ ಅದು ಎಂದೂ ಹೊಂದಲಿಲ್ಲ. ‘ಫಾರ್ ಹೂಮ್ ಆರ್ ಯು ವೇಟಿಂಗ್’ ಎಂಬುದು ತೀರ ಔಪಚಾರಿಕ ಬರಹಕ್ಕೆ ಸಲ್ಲಬಹುದು, ನಿಲ್ದಾಣದಲ್ಲಿ ನಿಂತವರನ್ನು ಹಾಗೆ ಕೇಳಿದರೆ ಕೃತಕವಾಗಿ ಕೇಳಿಸುತ್ತದೆ. ಕೊನೆಯ ‘ಫಾರ್’ ಬಿಟ್ಟರೆ ಮಾತ್ರ ವಾಕ್ಯ ಕೆಡುತ್ತದೆ.

ಯಲ್ಲಾಪುರ: ಸಂದರ್ಶನ ಪತ್ರಕ್ಕೆ ಉತ್ತರಿಸುವಾಗ ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆದೆ. ‘ಟು ಮೀಟಿಂಗ್ ಯು’ ಎಂದಿರಬೇಕಿತ್ತು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ‘ಟು’ ಆದಮೇಲೆ ‘ಮೀಟಿಂಗ್’ ಹೇಗೆ ಬರುತ್ತದೆ?

ಉತ್ತರ: ಗೆಳೆಯರು ಹೇಳಿದ್ದೇ ಸರಿ. ‘ಐ ವಾಂಟ್ ಟು ಮೀಟ್’ ಎಂಬಲ್ಲಿ ‘ಟು’ ಕ್ರಿಯಾಪದದ ಮೂಲರೂಪದ ಗುರುತು. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿ ಅದು ಪ್ರಿಪೊಸಿಷನ್, ಆದ್ದರಿಂದ ಅದರ ನಂತರ ನಾಮಪದವೋ ನಾಮಪದದಂತೆ ನಡೆಯುವ ‘ಇಂಗ್’ ರೂಪವೋ ಬರಬೇಕು. ಸಂದೇಹ ಬಂದಾಗ ಆ ಜಾಗದಲ್ಲಿ ಒಂದು ನಾಮಪದವನ್ನು ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ದಿ ಇಂಟರ್‌ವ್ಯೂ’ ಹೊಂದುತ್ತದೆ, ಆದ್ದರಿಂದ ‘ಮೀಟಿಂಗ್’. ‘ಐ ವಾಂಟ್ ಟು ದಿ ಇಂಟರ್‌ವ್ಯೂ’ ಹೊಂದುವುದಿಲ್ಲ, ಆದ್ದರಿಂದ ‘ಮೀಟ್’. ‘ಬಿ ಯೂಸ್ಡ್ ಟು’, ‘ಆಬ್ಜೆಕ್ಟ್ ಟು’ ಇವುಗಳೂ ‘ಲುಕ್ ಫಾರ್ವರ್ಡ್ ಟು’ ಗುಂಪಿನವೇ.

ಸಿದ್ದಾಪುರ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳಿಗೆ ಪ್ರಿಪೊಸಿಷನ್‌ಗಳ ಪಟ್ಟಿಯನ್ನು ಅರ್ಥಸಹಿತ ಬಾಯಿಪಾಠ ಮಾಡಿಸಿದರೂ ಬರೆಯುವಾಗ ತಪ್ಪುತ್ತಾರೆ. ಏನು ಮಾಡಬಹುದು?

ಉತ್ತರ: ಮೇಡಂ, ಆ ಪಟ್ಟಿಯನ್ನು ದಯವಿಟ್ಟು ಕೈಬಿಡಿ. ‘ಆನ್ ಎಂದರೆ ಮೇಲೆ, ಫಾರ್ ಎಂದರೆ ಗೋಸ್ಕರ’ ಎಂದು ಕಲಿತ ಮಗುವೇ ‘ಆ್ಯಂಗ್ರಿ ಆನ್ ಮಿ’ ಎಂದು ಬರೆಯುವುದು. ಪಟ್ಟಿ ಮಾಡಲೇಬೇಕೆಂದಿದ್ದರೆ ಅದನ್ನು ಕ್ರಿಯಾಪದದ ಕಡೆಯಿಂದ ಮಾಡಿಸಿ. ಮಕ್ಕಳ ನೋಟುಬುಕ್ಕಿನಲ್ಲಿ ‘ವೇಟ್’ ಎಂಬ ಒಂಟಿ ಪದ ಬೇಡ, ‘ವೇಟ್ ಫಾರ್ ದಿ ಬಸ್’ ಎಂಬ ಪೂರ್ತಿ ತುಣುಕು ಇರಲಿ. ‘ಲಿಸನ್’ ಬೇಡ, ‘ಲಿಸನ್ ಟು ದಿ ಟೀಚರ್’ ಇರಲಿ. ‘ಡಿಪೆಂಡ್’ ಬೇಡ, ‘ಡಿಪೆಂಡ್ಸ್ ಆನ್ ದಿ ರೇನ್’ ಇರಲಿ. ಕನ್ನಡ ಅರ್ಥವನ್ನೂ ತುಣುಕಿಗೆ ತುಣುಕಾಗಿಯೇ ಬರೆಸಿ: ‘ಬಸ್ಸಿಗೆ ಕಾಯು’, ‘ಟೀಚರ್ ಮಾತು ಕೇಳು’, ‘ಮಳೆಯನ್ನು ಅವಲಂಬಿಸಿದೆ’. ಆಗ ಕನ್ನಡದಲ್ಲಿ ‘ಗೆ’, ‘ಅನ್ನು’ ಬಂದ ಕಡೆ ಇಂಗ್ಲಿಷಿನಲ್ಲಿ ಬೇರೇನೋ ಬಂದಿರುವುದು ಮಗುವಿನ ಕಣ್ಣಿಗೇ ಬೀಳುತ್ತದೆ. ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟು ಶಾಲೆಯ ಗ್ರಂಥಾಲಯದಲ್ಲಿದ್ದರೆ, ಅರ್ಥಕ್ಕಿಂತ ಮೊದಲು ಅದು ಕೊಡುವ ಉದಾಹರಣೆ ವಾಕ್ಯಗಳನ್ನು ಓದುವ ಅಭ್ಯಾಸ ಮಾಡಿಸಿ. ಕ್ರಿಯಾಪದದೊಂದಿಗೆ ಯಾವ ಪದ ಬರುತ್ತದೆಂಬುದು ಅಲ್ಲಿ ಕಾಣಸಿಗುತ್ತದೆ.

ತರಗತಿಯಲ್ಲಿ ಮಾಡಿಸಬಹುದಾದ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ಒಂದೇ ಕ್ರಿಯಾಪದ ಪ್ರಿಪೊಸಿಷನ್ ಇದ್ದಾಗ ಮತ್ತು ಇಲ್ಲದಾಗ ಬೇರೆ ಅರ್ಥ ಕೊಡುವ ವಾಕ್ಯಗಳನ್ನು ಜೋಡಿಯಾಗಿ ಕೊಡಿ. ‘ದಿ ಪೊಲೀಸ್ ಸರ್ಚ್ಡ್ ಹಿಮ್’ ಎಂದರೆ ಅವನ ಜೇಬು, ಚೀಲ ತಪಾಸಣೆ ಮಾಡಿದರು; ‘ದಿ ಪೊಲೀಸ್ ಸರ್ಚ್ಡ್ ಫಾರ್ ಹಿಮ್’ ಎಂದರೆ ಅವನು ಎಲ್ಲಿದ್ದಾನೆಂದು ಹುಡುಕಿದರು. ‘ಶಿ ಆಸ್ಕ್ಡ್ ದಿ ಮ್ಯಾನೇಜರ್’ ಎಂದರೆ ಮ್ಯಾನೇಜರನ್ನೇ ಕೇಳಿದಳು, ‘ಶಿ ಆಸ್ಕ್ಡ್ ಫಾರ್ ದಿ ಮ್ಯಾನೇಜರ್’ ಎಂದರೆ ಮ್ಯಾನೇಜರನ್ನು ಕರೆಸಿರೆಂದಳು, ‘ಶಿ ಆಸ್ಕ್ಡ್ ಆಫ್ಟರ್ ದಿ ಮ್ಯಾನೇಜರ್’ ಎಂದರೆ ಅವರು ಹೇಗಿದ್ದಾರೆಂದು ಕ್ಷೇಮ ವಿಚಾರಿಸಿದಳು. ಪ್ರತಿ ವಾಕ್ಯದಲ್ಲಿ ಯಾರು ಎಲ್ಲಿದ್ದಾರೆ, ಏನು ನಡೆಯಿತು ಎಂಬುದನ್ನು ಮಕ್ಕಳು ಮೊದಲು ಕನ್ನಡದಲ್ಲಿ ಹೇಳಲಿ, ಅನಂತರ ಅದೇ ಮಾದರಿಯಲ್ಲಿ ತಮ್ಮ ಊರಿನ ಸಂಗತಿಯನ್ನು ಇಟ್ಟುಕೊಂಡು ಹೊಸ ವಾಕ್ಯ ಕಟ್ಟಲಿ.

ಭಟ್ಕಳ: ‘ಅರೈವ್’ ಎಂಬುದಕ್ಕೆ ‘ಟು’ ಬರುತ್ತದೆಯೇ?

ಉತ್ತರ: ಇಲ್ಲ. ಊರು, ದೇಶಗಳಿಗೆ ‘ಅರೈವ್ ಇನ್’, ನಿಲ್ದಾಣ, ಕಟ್ಟಡ, ಸಭೆಗಳಿಗೆ ‘ಅರೈವ್ ಆ್ಯಟ್’. ‘ದಿ ಟ್ರೇನ್ ಅರೈವ್ಡ್ ಆ್ಯಟ್ ಭಟ್ಕಳ ಸ್ಟೇಷನ್’, ‘ಮೈ ಬ್ರದರ್ ಅರೈವ್ಡ್ ಇನ್ ದುಬೈ’. ಮನೆಗೆ ಬಂದಾಗ ಮಾತ್ರ ಎರಡೂ ಬೇಡ, ‘ಅರೈವ್ಡ್ ಹೋಮ್’ ಎಂದರೆ ಸಾಕು.